ಹಿಟ್ಟಿನ ಕೋಳಿ ಮತ್ತು ತಾಯಿಯ ಮಾತು

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಸಂಕಲ್ಪಹಿಂಸೆಯ ಫಲವನ್ನು ತಿಳಿಸುವ ಕಾವ್ಯವೆಂದೇ ನಾವು ಓದುತ್ತ ಬಂದಿದ್ದೇವೆ. ಅದು ಯುಕ್ತವಾದ ಓದೇ ಸರಿ. ಆದರೆ ಆ ಹಿಂಸೆ ಘಟಿಸಿದ್ದು ಮಗನು ತಾಯಿಯ ಮಾತನ್ನು ಮೀರಲಾರದೆ ಹೋದುದರಿಂದ. ಮಕ್ಕಳು ಹಿರಿಯರ ಮಾತಿನಂತೆ ನಡೆಯಬೇಕೋ, ಸ್ವಂತ ವಿವೇಕದಂತೆ ನಡೆಯಬೇಕೋ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಮತ್ತೆಮತ್ತೆ ಏಳುತ್ತಿರುವಾಗ ಈ ದೃಷ್ಟಿಯಿಂದಲೂ ಕಾವ್ಯವನ್ನು ಪರಿಶೀಲಿಸುವುದು ಉಚಿತ.

ರಾಣಿ ಅಮೃತಮತಿಯ ಶೀಲಭಂಗವನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ದೇವಿಗೆ ಬಲಿ ಕೊಡೆಂದು ತಾಯಿ ಹೇಳುತ್ತಾಳೆ. ಜೀವವಧೆಗೆ ಮಗ ಒಪ್ಪುವುದಿಲ್ಲ. ಹಿಟ್ಟಿನ ಕೋಳಿಯನ್ನಾದರೂ ಅರ್ಪಿಸೆಂದು ಆಕೆ ಒತ್ತಾಯಿಸಿದಾಗ ಮಣಿಯುತ್ತಾನೆ. ಕತ್ತಿಯೇಟಿಗೆ ಆ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ತಾಯಿಯ ಆಜ್ಞೆ ಹುಟ್ಟಿದ್ದೇ ಮಗನ ಸುಳ್ಳಿನಿಂದ. ನಿಜವನ್ನು ಹೇಳಿದ್ದರೆ ಆಕೆ ಬಲಿಯ ಮಾತನ್ನೇ ಎತ್ತುತ್ತಿರಲಿಲ್ಲವೇನೋ. ಎರಡನೆಯದು, ಅವನ ವಿಧೇಯತೆ ಅರೆಮನಸ್ಸಿನದು. ತನ್ನ ವ್ರತವೂ ಉಳಿಯಲಿ, ತಾಯಿಯ ಮನಸ್ಸೂ ನೋಯದಿರಲಿ ಎಂದು ಅವನು ಹಿಡಿದ ನಡುದಾರಿಯೇ ಎರಡನ್ನೂ ಕೆಡಿಸಿತು. ಚಂದ್ರಮತಿಯ ವಾತ್ಸಲ್ಯವನ್ನು ಕವಿ ಎಲ್ಲಿಯೂ ಶಂಕಿಸುವುದಿಲ್ಲ. ಆದರೂ ಜನ್ಮಜನ್ಮಾಂತರಗಳ ತಿರ್ಯಗ್ಗತಿಯನ್ನು ಮಗನೊಡನೆ ಆಕೆಯೂ ಅನುಭವಿಸುವಂತೆ ಮಾಡುತ್ತಾನೆ. ಆಜ್ಞೆ ಪಾಲಿಸಿದವನ ಹೊಣೆಯಷ್ಟೇ ಆಜ್ಞೆ ಕೊಟ್ಟವರ ಹೊಣೆಯೂ ಇದೆ ಎಂಬುದು ಇದರ ತಾತ್ಪರ್ಯ.

ಕೊನೆಗೆ ಈ ತಾಯಿಮಕ್ಕಳು ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟುತ್ತಾರೆ. ಗುರು ಸುದತ್ತಾಚಾರ್ಯರ ಅಪ್ಪಣೆ ಪಡೆದು ಭಿಕ್ಷೆಗೆ ಹೊರಟ ಈ ಎಳೆಯರನ್ನು ಮಾರಿದತ್ತನ ಭಟರು ಬಲಿಗೆಂದು ಹಿಡಿದು ತರುತ್ತಾರೆ. ಕತ್ತಿ ಹಿಡಿದ ಅರಸನ ಮುಂದೆ ಅವರು ಅಂಜುವುದಿಲ್ಲ. ತಮ್ಮ ಹಿಂದಿನ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಯಶೋಧರನಲ್ಲಿ ಪರಸ್ಪರ ವಿರೋಧಿಗಳಾಗಿದ್ದ ವಿನಯ ಮತ್ತು ನಿರ್ಭಯತೆ ಇವರಲ್ಲಿ ಒಂದಾಗಿವೆ. ಕಾವ್ಯದ ನಿಜವಾದ ಉತ್ತರ ಇರುವುದು ಇಲ್ಲಿ.

ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರ ‘ಸುಬ್ಬಣ್ಣ’ದಲ್ಲಿ (1928) ತಂದೆಗೆ ಶಾಸ್ತ್ರಪುರಾಣಗಳ ಹಂಬಲ, ಮಗನಿಗೆ ಸಂಗೀತದ ಗೀಳು. ಮಗ ಮನೆ ತೊರೆಯುತ್ತಾನೆ. ವಿದ್ಯೆ ಕೈಗೂಡುತ್ತದೆ, ಆದರೆ ಅದಕ್ಕೆ ಅವನು ತೆತ್ತ ದುಃಖವೇನೂ ಸಣ್ಣದಲ್ಲ. ಮಾಸ್ತಿಯವರು ತಂದೆಯನ್ನೂ ಹಳಿಯುವುದಿಲ್ಲ, ಮಗನನ್ನೂ ಹಳಿಯುವುದಿಲ್ಲ. ಇಬ್ಬರೂ ಕುಳಿತು ಮಾತನಾಡಲಿಲ್ಲವೆಂಬ ವ್ಯಥೆ ಮಾತ್ರ ಓದುಗನಲ್ಲಿ ಉಳಿಯುತ್ತದೆ.

ಹಾಗಾದರೆ ಮಿತಿ ಯಾವುದು? ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ 12ನೆಯ ಶತಮಾನದ ಶಾಸನವು ಗಂಗರಾಜ್ಯ ಸ್ಥಾಪನೆಯ ಐತಿಹ್ಯವನ್ನು ಹೇಳುತ್ತದೆ. ಸಿಂಹನಂದ್ಯಾಚಾರ್ಯರು ದಡಿಗ ಮಾಧವರೆಂಬ ತರುಣರಿಗೆ ರಾಜ್ಯವನ್ನು ಅನುಗ್ರಹಿಸಿದರು. ಕುವಲಾಲ, ಎಂದರೆ ನಮ್ಮ ಕೋಲಾರ, ಅವರ ರಾಜಧಾನಿಯಾಯಿತು. ಜೊತೆಯಲ್ಲಿಯೇ ಕೊಟ್ಟ ಮಾತಿಗೆ ತಪ್ಪಿದರೆ, ಮಾಂಸ ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ರಣದಿಂದ ಓಡಿದರೆ ಕುಲ ಕೆಡುವುದೆಂದು ಎಚ್ಚರಿಸಿದರು. ಆಚಾರ್ಯರು ವಿಧಿಸಿದ್ದು ಕೆಲವೇ ನಿಯಮಗಳನ್ನು. ಅವುಗಳ ಪರಿಣಾಮವನ್ನೂ ಮುಂದಾಗಿಯೇ ತಿಳಿಸಿದರು. ಉಳಿದ ಆಳ್ವಿಕೆಯನ್ನು ಆ ತರುಣರಿಗೇ ಬಿಟ್ಟರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಮನೆಗಳಿಗೂ ಬಸದಿಯ ಪಾಠಶಾಲೆಗಳಿಗೂ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಅಹಿಂಸೆ, ಸತ್ಯಗಳಂಥ ವ್ರತಗಳಲ್ಲಿ ಸಡಿಲಿಕೆ ಬೇಡ. ವಿದ್ಯೆ, ವೃತ್ತಿ, ಅಭಿರುಚಿಗಳಲ್ಲಿ ಅವರ ಆಯ್ಕೆಗೆ ಎಡೆಯಿರಲಿ. ಎಲ್ಲಕ್ಕಿಂತ ಮೊದಲು, ಕಡಿಮೆ ಅಂಕ ಬಂದ ದಿನವೂ ಮಗು ನಮ್ಮೆದುರು ನಿಜ ಹೇಳುವಂತಿರಲಿ. ಮನೆಯಲ್ಲಿ ನಿಜ ಹೇಳಲು ಅಂಜುವ ಮಗು ಕನಸಿನ ಕಥೆ ಕಟ್ಟುತ್ತದೆ. ಹಿಟ್ಟಿನ ಕೋಳಿ ಸಿದ್ಧವಾಗುವುದು ಅಲ್ಲಿಂದಲೇ.