ಶುಂಠಿ ಕಾಫಿಯ ಪರವಾಗಿ

ಈ ವಾರ ರೊಬಸ್ಟಾ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದು ಮುಂದಕ್ಕೆ ಹೋಗಲಿ. ಲಾಮುವಿನಿಂದ ಬಂದವನ ಗಂಟಲಲ್ಲಿ ಶುಂಠಿಯ ಖಾರ ಇನ್ನೂ ಕೂತಿರುವಾಗ ಬೇರೆ ಮಾತು ಹೊರಡುತ್ತಿಲ್ಲ.

ಲಾಮು ಕೀನ್ಯಾದ ಉತ್ತರ ಕರಾವಳಿಯ ದ್ವೀಪದ ಊರು. ಹವಳದ ಕಲ್ಲಿನ ಗೋಡೆ, ಕಾಂಡ್ಲಾ ಮರದ ತೊಲೆ. 2001ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಳೇ ಪೇಟೆಯ ಓಣಿಗಳಿಗೆ ಕಾರು ನುಗ್ಗದು. ಮರಳು, ಕಲ್ಲು, ಸಿಮೆಂಟು ಎಲ್ಲ ಕತ್ತೆಯ ಬೆನ್ನ ಮೇಲೆಯೇ ಬರಬೇಕು. ಕತ್ತೆ ಎದುರಾದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕಾದವರು ನಾವು.

ಸಂಜೆಯ ನಮಾಜು ಮುಗಿಯುತ್ತಲೇ ಮನೆ ಬಾಗಿಲ ಪಕ್ಕದ ಕಲ್ಲಿನ ಜಗಲಿಗಳು, ಅಲ್ಲಿಯವರ ಬರಾಜಾಗಳು, ತುಂಬುತ್ತವೆ. ಕೂತವರೆಲ್ಲ ಗಂಡಸರೇ, ಹೆಂಗಸರ ಹರಟೆ ಒಳಮನೆಯದು, ದಾರಿಹೋಕನ ಕಿವಿಗೆ ಬೀಳುವಂಥದ್ದಲ್ಲ. ಕಾಫಿಯವನ ಉದ್ದ ಮೂತಿಯ ಹಿತ್ತಾಳೆ ಹೂಜಿಯ ತಳದಲ್ಲಿ ಕೆಂಡ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ, ಶುಂಠಿ ಕುದಿಸಿದ ಕಪ್ಪು ಕಾಫಿ. ಸಿಹಿ ಬೇಕಾದವರು ಒಂದು ಖರ್ಜೂರವನ್ನೋ ನಮ್ಮ ಚಿಕ್ಕಿಯಂಥ ಕಶಾಟಾವನ್ನೋ ಕಚ್ಚಿಕೊಳ್ಳಬೇಕು. ಎರಡು ಗುಟುಕಿಗೆ ಬಟ್ಟಲು ಖಾಲಿ, ಮಾತು ಮಾತ್ರ ಮುಗಿಯುವುದಿಲ್ಲ.

ಇನ್ನು ನಮ್ಮ ಲೈಟ್ ರೋಸ್ಟ್ ಪಂಗಡದವರ ಸರದಿ. ಬೀಜವನ್ನು ಹದವಾಗಿ ಹುರಿದವರನ್ನೂ ಇವರು ಕೊಲೆಗಡುಕರಂತೆ ನೋಡುತ್ತಾರೆ. ಮಸಾಲೆ ಹಾಕಿದವರಿಗಂತೂ ಪಂಕ್ತಿಯಲ್ಲೇ ಜಾಗವಿಲ್ಲ. ಇವರ ಆರಾಧ್ಯದೈವ ಯಾವುದು? ಕೀನ್ಯಾ ಡಬಲ್ ಎ! ಮೌಂಟ್ ಕೀನ್ಯಾದ ತಪ್ಪಲಲ್ಲಿ ಬೆಳೆಯುವ ಆ ಒಳ್ಳೆಯ ಅರೇಬಿಕಾದ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ದೇಶದ ಒಳನಾಡಿನ ಮನೆಗಳಲ್ಲಿ ಕುದಿಯುವುದು ಹೆಚ್ಚಾಗಿ ಚಹಾ. ಬೀದಿಯಲ್ಲಿ ಕೂತು ದಿನವೂ ಕಾಫಿ ಕುಡಿಯುವ ರೂಢಿ ಉಳಿದಿರುವುದು ಕರಾವಳಿಯಲ್ಲಿ, ಅದೂ ಶುಂಠಿಯ ಜತೆಗೆ. ಕೀನ್ಯಾದ ಕಾಫಿ ಹೇಗಿರಬೇಕೆಂದು ಅವರಿಗೆ ಪಾಠ ಹೇಳಲು ನಾವು ಯಾರು?

ಇಬ್ನ್ ಬತೂತಾನನ್ನು ಓದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. 14ನೇ ಶತಮಾನದ ಮೂರನೇ ದಶಕ ಮುಗಿಯುತ್ತಿದ್ದಂತೆ ಈ ಕರಾವಳಿಗೆ ಬಂದವನು ಲಾಮುವಿನ ಹೆಸರೆತ್ತಿಲ್ಲ ನಿಜ. ಆದರೆ ಮೊಗದಿಶುವಿನ ಊಟವನ್ನು ಬಾಯಿ ಚಪ್ಪರಿಸುತ್ತ ವರ್ಣಿಸಿದ್ದಾನೆ. ದೊಡ್ಡ ಮರದ ತಟ್ಟೆಯಲ್ಲಿ ತುಪ್ಪದ ಅನ್ನ, ಅದರ ಮೇಲೆ ಕೋಳಿ, ಮೀನು, ತರಕಾರಿ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ನೆಂಚಿಕೊಳ್ಳಲು ನಿಂಬೆ ಉಪ್ಪಿನಕಾಯಿ, ಮೆಣಸು, ಹಸಿ ಶುಂಠಿ, ಮಾವು. ಸುಮಾರು ಹತ್ತು ವರ್ಷ ಕಳೆದು ನಮ್ಮ ಹೊನ್ನಾವರಕ್ಕೆ ಬಂದಾಗಲೂ ಅವನ ಮುಂದೆ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು! ಕಡಲಿನ ಎರಡು ದಡದಲ್ಲೂ ಹೆಚ್ಚುಕಡಿಮೆ ಒಂದೇ ಎಲೆ. ಹೊನ್ನಾವರದ ಕಡೆಯ ಓದುಗರು ಬೇಕಾದರೆ ಬೀಗಬಹುದು.

ಆ ಎರಡೂ ಊಟಗಳಲ್ಲಿ ಕಾಫಿಯ ಸುಳಿವಿಲ್ಲ. ಯೆಮನ್ನಿನ ಸೂಫಿಗಳು ಅದನ್ನು ಕುದಿಸಿ ಕುಡಿದದ್ದು 15ನೇ ಶತಮಾನದಲ್ಲಿ. ಅಂದಮೇಲೆ ಆ ಕರಾವಳಿಯಲ್ಲಿ ಶುಂಠಿಯೇ ಹಿರಿಯ, ಕಾಫಿ ಆಮೇಲೆ ಬಂದ ನೆಂಟ. ಮನೆಯ ಹಿರಿಯನನ್ನು ಬಟ್ಟಲಿಂದ ಎಬ್ಬಿಸುವ ಅಧಿಕಾರ ಲೈಟ್ ರೋಸ್ಟ್ ಪಂಗಡಕ್ಕಿಲ್ಲ.

ಮನೆಯಲ್ಲಿ ಮಾಡಿ ನೋಡುವವರು ಶುಂಠಿಯನ್ನು ಜಜ್ಜಿ ನೀರಿನ ಜತೆಗೇ ಕುದಿಸಿ, ಪುಡಿ ಆಮೇಲೆ ಹಾಕಿ. ಹಾಲು ಬೇಡವೇ ಬೇಡ. ರೊಬಸ್ಟಾ ಮುಂದಿನ ವಾರ.