ಹೆದ್ದಾರಿ ಬಿಟ್ಟ ಸೈಕಲ್ಲು

ಸೈಕಲ್ ಪ್ರವಾಸ ಅಂದರೆ ಕೊಡಗು, ಮಲೆನಾಡು, ನೀಲಗಿರಿ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಅದನ್ನು ಇನ್ನಷ್ಟು ಬಲಪಡಿಸಿತು. ಹಸಿರು, ಮಂಜು, ಘಾಟಿಯ ತಿರುವು ಇಲ್ಲದ ಕಡೆ ಸೈಕಲ್ ತುಳಿಯುವುದು ಬರೀ ಮೈದಣಿವು ಎಂದುಕೊಂಡವರೇ ಹೆಚ್ಚು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರಿನ ಹೆಸರೆತ್ತಿದರೆ ‘ಅಲ್ಲೇನೈತೆ, ಬರೀ ಬಿಸ್ಲು’ ಎಂಬ ಉತ್ತರ ಆ ಊರುಗಳವರ ಬಾಯಿಂದಲೇ ಬರುತ್ತದೆ. ಸೈಕಲ್ಲಿನ ಮೇಲೆ ಕೂತು ಒಂದು ಸೀಮೆಯ ಚರಿತ್ರೆಯನ್ನು ನೋಡಬೇಕು ಅನ್ನುವವರಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ನೆಲವಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಹೊರಗಿನಿಂದ ಬಂದವರು ಈಗ ಇಲ್ಲಿ ಸೈಕಲ್ ತುಳಿಯುವ ರೀತಿ ಈ ನೆಲಕ್ಕೆ ಒಗ್ಗುವಂಥದ್ದಲ್ಲ.

ಈಗಿನ ರೀತಿ ಹೆದ್ದಾರಿಯ ರೀತಿ. ಹಿರಿಯೂರಿನಿಂದ ಚಳ್ಳಕೆರೆ, ತಳಕು, ಹಾನಗಲ್, ರಾಂಪುರ ಹಾಯ್ದು ಬಳ್ಳಾರಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 150ಎ ನುಣುಪಾಗಿದೆ, ಏರಿಳಿತ ಕಡಿಮೆ. ದೂರ ದಾಟುವುದೇ ಗುರಿಯಾದವರಿಗೆ ಹೇಳಿ ಮಾಡಿಸಿದ ರಸ್ತೆ. ಫ್ರಾನ್ಸಿನಿಂದ ಬಂದ ಬ್ರೆವೆ ಎಂಬ ದೂರಸವಾರಿಯ ಪದ್ಧತಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ಊಟ, ನಿದ್ದೆ, ಪಂಚರ್ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ಇದರಲ್ಲಿ ಶಿಸ್ತಿದೆ, ಛಲವಿದೆ, ಯಾರನ್ನೂ ಸೋಲಿಸಬೇಕಿಲ್ಲದ ಒಂದು ಸಭ್ಯತೆಯೂ ಇದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಬ್ರೆವೆಯಲ್ಲಿ ಭಾಗವಹಿಸದವರೂ ಅದರ ಗಡಿಯಾರವನ್ನು ಮಾತ್ರ ಎತ್ತಿಕೊಂಡು ಬಂದಿದ್ದಾರೆ. ಸಂಜೆ ಮೊಬೈಲಿನಲ್ಲಿ ತೋರಿಸುವ ಕಿಲೋಮೀಟರು, ಸರಾಸರಿ ವೇಗ, ಏರಿದ ಎತ್ತರ ಇಷ್ಟೇ ಪ್ರವಾಸದ ಫಲ ಅನ್ನುವಂತಾಗಿದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಾಗಿಲಲ್ಲಿ ಒಂದು ಫೋಟೊ, ಮುಂದಿನದು ಹಂಪಿಯಲ್ಲಿ. ನಡುವಿನ ಎರಡು ತಾಲ್ಲೂಕುಗಳು ಟಯರಿನ ಕೆಳಗೆ ಹಾದುಹೋಗುತ್ತವೆ.

ಹೀಗೆ ಏನೇನು ತಪ್ಪಿಹೋಗುತ್ತದೆ ಅನ್ನುವುದಕ್ಕೆ ಚಳ್ಳಕೆರೆ ಬಳಿಯ ದೊಡ್ಡೇರಿಯೊಂದೇ ಸಾಕು. 1695ರಲ್ಲಿ ಔರಂಗಜೇಬನ ಸೇನಾನಿ ಕಾಸಿಂ ಖಾನನ ದಂಡಿನ ಮೇಲೆ ಮರಾಠರ ಸಂತಾಜಿ ಘೋರ್ಪಡೆ ಇದೇ ಬಯಲಿನಲ್ಲಿ ಎರಗಿದ. ದಿಕ್ಕುಗೆಟ್ಟ ಮೊಗಲರು ದೊಡ್ಡೇರಿಯ ಸಣ್ಣ ಕೋಟೆಯೊಳಗೆ ನುಗ್ಗಿದರು. ಅಷ್ಟು ಜನ, ಅಷ್ಟು ಕುದುರೆಗಳಿಗೆ ಆಗುವ ಕೋಟೆಯಲ್ಲ ಅದು. ಕಾಳು ಮುಗಿಯಿತು, ಮೇವು ಮುಗಿಯಿತು. ಕಾಸಿಂ ಖಾನ್ ಒಳಗೇ ಸತ್ತ. ಉಳಿದ ಸರದಾರರು ಹಣ, ಕುದುರೆ, ಸರಂಜಾಮು ಎಲ್ಲವನ್ನೂ ಒಪ್ಪಿಸಿ ಜೀವ ಉಳಿಸಿಕೊಂಡರು. ದಖ್ಖನಿನಲ್ಲಿ ಔರಂಗಜೇಬನಿಗೆ ಆದ ದೊಡ್ಡ ಮುಖಭಂಗಗಳಲ್ಲಿ ಇದೂ ಒಂದು. ಪುಸ್ತಕದಲ್ಲಿ ಓದಿದಾಗ ಅಷ್ಟು ದೊಡ್ಡ ಸೇನೆ ಅಷ್ಟು ಚಿಕ್ಕ ಕೋಟೆಗೆ ಯಾಕೆ ಓಡಿತು ಎಂದು ಆಶ್ಚರ್ಯವಾಗುತ್ತದೆ. ಇಲ್ಲಿ ಎದುರುಗಾಳಿಗೆ ಒಂದು ತಾಸು ಸೈಕಲ್ ತುಳಿದವನಿಗೆ ಆ ಆಶ್ಚರ್ಯ ಉಳಿಯುವುದಿಲ್ಲ. ಎಷ್ಟು ದೂರ ಕಣ್ಣು ಹಾಯಿಸಿದರೂ ಮರೆ ಸಿಗದ ಬಯಲು. ಓಡುವವನಿಗೆ ಗೋಡೆಯೊಂದು ಕಂಡರೆ ಅದರ ಅಗಲ ನೋಡುತ್ತ ನಿಲ್ಲಲಾರ. ಕಾರಿನ ಗಾಜಿನೊಳಗಿಂದ ಇದು ತಿಳಿಯುವುದು ಕಷ್ಟ.

ಸೈಕಲ್ಲಿನ ನಿಜವಾದ ಯೋಗ್ಯತೆ ಇರುವುದು ಇಂಥ ಅಳತೆಯಲ್ಲಿ. ಚಿತ್ರದುರ್ಗ, ನಾಯಕನಹಟ್ಟಿ, ಮೊಳಕಾಲ್ಮುರು, ರಾಯದುರ್ಗ ಇವೆಲ್ಲ ಪಾಳೆಗಾರರ ನೆಲೆಗಳು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿಯುವವರೆಗೂ ಇವುಗಳ ನಡುವೆ ಸ್ನೇಹ, ಹಗೆ, ಲೂಟಿ, ನೆಂಟಸ್ತಿಕೆ ಎಲ್ಲವೂ ಕಾಲ್ನಡಿಗೆ ಮತ್ತು ಕುದುರೆಯ ದೂರದಲ್ಲೇ ನಡೆದವು. ಆ ದೂರಕ್ಕೆ ಇವತ್ತಿನ ವಾಹನಗಳಲ್ಲಿ ಹತ್ತಿರ ಬರುವುದು ಸೈಕಲ್ಲೊಂದೇ. ಬೆಳಗ್ಗೆ ಒಂದು ಗುಡ್ಡದ ಬುಡದಿಂದ ಹೊರಟರೆ ಅದೇ ಗುಡ್ಡ ಬಹಳ ಹೊತ್ತು ಬೆನ್ನ ಹಿಂದೆ ಕಾಣುತ್ತಿರುತ್ತದೆ, ಅಷ್ಟರಲ್ಲಿ ಮುಂದಿನದು ನೀಲಿಯಾಗಿ ಮೇಲೇಳುತ್ತದೆ. ಕೋಟೆಗಳನ್ನು ಯಾವ ಗುಡ್ಡದ ಮೇಲೆ, ಯಾಕೆ ಕಟ್ಟಿದರು ಅನ್ನುವುದನ್ನು ಯಾವ ಮಾರ್ಗದರ್ಶಿಯೂ ಇಷ್ಟು ಚೆನ್ನಾಗಿ ಹೇಳಲಾರ.

ಆದರೆ ಗುಡ್ಡದ ಬುಡಕ್ಕೆ ಬಂದ ಮೇಲೆ ಸೈಕಲ್ಲಿನ ಕೆಲಸ ಮುಗಿಯುತ್ತದೆ. ಗಡಿಯಾರದ ಸವಾರ ಸೋಲುವುದು ಇಲ್ಲೇ. ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರದ ಸುತ್ತ ಕೆಲವೇ ಮೈಲಿಗಳ ಅಂತರದಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಲೋಕಕ್ಕೆ ತೋರಿಸಿಕೊಟ್ಟರು. ತೋರಿಸುವ ಮೊದಲೂ ಊರಿನವರಿಗೆ ಆ ಬಂಡೆಗಳು ಅಪರಿಚಿತವಾಗಿರಲಿಲ್ಲ. ಬ್ರಹ್ಮಗಿರಿಯದು ಅಕ್ಷರಗುಂಡು, ಅದಕ್ಕೆ ರೋಗ ವಾಸಿಮಾಡುವ ಶಕ್ತಿಯಿದೆ ಎಂದು ಜನ ನಂಬಿದ್ದರು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರು. ಆ ಶಾಸನ ಬಹಳ ಸವೆದುಹೋಗಿದೆ. ಚಕ್ರವರ್ತಿಯ ಆಜ್ಞೆಯ ಮೇಲೆ ಹೆಣ್ಣುಮಕ್ಕಳು ಬಳೆ ತೊಡಿಸಿಕೊಂಡ ಜಾಗ ಅದು ಅನ್ನುವುದು ನನಗಂತೂ ಶಾಸನದಷ್ಟೇ ದೊಡ್ಡ ಸಂಗತಿ.

ಬ್ರಹ್ಮಗಿರಿಯ ಬಂಡೆಯ ಮುಂದೆ ಕೂತು ನೋಡಲು ಅರ್ಧ ದಿನವಾದರೂ ಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸಿ, ರಾಜನ ಮಾತನ್ನು ತಿಳಿಸುತ್ತಾರೆ. ಇಸಿಲ ಇದೇ ಗುಡ್ಡದ ಬುಡದ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸನದಲ್ಲಿ ಬರುವ 256 ಎಂಬ ಅಂಕಿಯನ್ನು ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವರು ಅರ್ಥ ಮಾಡುತ್ತಾರೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಕೊರೆದ ಅವನು ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಬರವಣಿಗೆ. ಅಷ್ಟು ದೂರದ ವಿದ್ಯೆ ಕೈಯಲ್ಲಿಟ್ಟುಕೊಂಡು ಮೊಳಕಾಲ್ಮುರಿನ ಗುಡ್ಡದವರೆಗೆ ಬಂದವನ ಕೈಬರಹ ಕಣ್ಣೆದುರಿಗಿದೆ. ಇಲ್ಲೇ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನೆಲ ಅಗೆದರು. ಅವರಿಗಿಂತ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಮಾಡಿದ್ದರು. ನಯಮಾಡಿದ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಶಾತವಾಹನರ ಕಾಲದ ಜನ ಒಬ್ಬರ ಮೇಲೊಬ್ಬರು ಬಾಳಿದ ಪದರಗಳು ಸಿಕ್ಕವು. ದಕ್ಷಿಣ ಭಾರತದ ಪುರಾತತ್ವಕ್ಕೆ ಕಾಲದ ಅಳತೆಗೋಲು ದೊರೆತ ಜಾಗಗಳಲ್ಲಿ ಇದು ಮುಖ್ಯವಾದದ್ದು. ಜಟಿಂಗ ರಾಮೇಶ್ವರದ ಬೆಟ್ಟ 3,469 ಅಡಿ, ಜಟಾಯು ಬಿದ್ದ ಜಾಗವೆಂದು ಸ್ಥಳಪುರಾಣ. ಮೆಟ್ಟಿಲು ಹತ್ತಲು ಕಾಲು ಬೇಕು, ಸಮಯ ಬೇಕು. ಇನ್ನೂ ನೂರು ಕಿಲೋಮೀಟರ್ ಬಾಕಿ ಇಟ್ಟುಕೊಂಡವನು ಇದನ್ನು ಮಾಡಲಾರ.

ಸೈಕಲ್ಲಿಗೆ ಇನ್ನೊಂದು ಗುಣವಿದೆ, ಅದು ಕಿವಿಯದು. ಮೊಳಕಾಲ್ಮುರಿನ ಓಣಿಗಳಲ್ಲಿ ನಿಧಾನ ತುಳಿದರೆ ರೇಷ್ಮೆ ಮಗ್ಗದ ಸದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಜತೆ ಬರುತ್ತದೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ ಲಾಳಿ ಎಸೆದು ಹಲಗೆ ಎಳೆದಾಗ ಬರುವ ಎರಡು ಬಡಿತ, ನಡುವೆ ಚಿಕ್ಕ ಬಿಡುವು. ಸದ್ದಿಲ್ಲದ ಮನೆಗಳೂ ಗೊತ್ತಾಗುತ್ತವೆ, ಮಗ್ಗ ನಿಂತ ಮನೆಗಳವು. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಈ ಊರಿನ ಸೀರೆಯ ಇವತ್ತಿನ ಸ್ಥಿತಿಯನ್ನು ಒಂದು ಓಣಿಯ ಉದ್ದಕ್ಕೆ ಕೇಳಿಸಿಕೊಳ್ಳಬಹುದು.

ದಾರಿಯ ಕಷ್ಟವನ್ನು ಮುಚ್ಚಿಡಬಾರದು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ಇದು, ಮಾರ್ಚ್ ಕಳೆದ ಮೇಲೆ ಹಗಲಲ್ಲಿ ಸವಾರಿ ಬೇಡ. ಆಷಾಢದ ಗಾಳಿ ನೈಋತ್ಯದಿಂದ ಬೀಸುತ್ತದೆ. ಚಳ್ಳಕೆರೆಯಿಂದ ಉತ್ತರಕ್ಕೆ ಹೋಗುವಾಗ ಎಡಬೆನ್ನಿಗೆ ಕೈಯಿಟ್ಟು ನೂಕುತ್ತದೆ, ವಾಪಸು ಬರುವಾಗ ಬಲಗೆನ್ನೆಗೆ ಬಡಿದು ಎರಡರಷ್ಟು ವಸೂಲಿ ಮಾಡುತ್ತದೆ. ಕಾಲುದಾರಿಗಿಳಿದರೆ ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು. ಹೆದ್ದಾರಿ ಬದಿಯ ಪಂಚರ್ ಅಂಗಡಿಯವರೊಬ್ಬರು ನನ್ನ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಸುತ್ತಿಸಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟು, ಅರದಿಂದ ಉಜ್ಜಿ ಸಲ್ಯೂಷನ್ ಹಚ್ಚಿದರು. ಒಣಗುವಷ್ಟರಲ್ಲಿ ಟಯರಿನ ಒಳಮೈಯನ್ನು ಬರಿಗೈಯಿಂದ ಸವರುತ್ತ ಹೋದರು. ಮೊಂಡಾಗಿ ಮುರಿದು ಒಳಗೇ ಉಳಿದಿದ್ದ ಮುಳ್ಳಿನ ತುದಿ ಸಿಕ್ಕಿತು. ‘ಇದನ್ನ ತೆಗೀದೆ ಪ್ಯಾಚ್ ಹಾಕಿದ್ರೆ ಮುಂದಿನ ಊರಿಗೆ ಮತ್ತೆ ಹೋಗ್ತದೆ ಸಾರ್’ ಅಂದರು. ಮೊಳಕಾಲ್ಮುರಿನ ಗುಡ್ಡಗಳಲ್ಲಿ ಕರಡಿಗಳಿವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹತ್ತುವುದು ತರವಲ್ಲ.

ಹೊರಗಿನವರ ಈ ಪ್ರವಾಸಗಳ ದೊಡ್ಡ ಕೊರತೆ ಮಾತ್ರ ಬೇರೆ: ಅವು ಊರಿನ ಜನರನ್ನು ಚಿತ್ರಪಟದಂತೆ ನೋಡುತ್ತವೆ. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಹಟ್ಟಿ, ಕಂಬಳಿ ಹೊದ್ದ ಕುರಿಗಾಹಿ, ಎಲ್ಲವೂ ಚಂದದ ಫೋಟೊ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದ ನಾಡೋಜೆ, ಅಂಥ ಸಂಪತ್ತು ಹಟ್ಟಿಗಳಲ್ಲಿತ್ತು. ಅವೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಊರ ಹೊರಗೆ ಗುಡಿಸಲಲ್ಲಿ ಇಡುವ ಪದ್ಧತಿಯೂ ಇದೆ. ‘ಹಳೆಯ ಸಂಸ್ಕೃತಿ ಉಳಿಸಿಕೊಂಡ ಹಳ್ಳಿ’ ಎಂದು ಬರೆಯುವ ಪ್ರವಾಸ ಕಥನಗಳು ಹಟ್ಟಿಯ ಅಂಚಿನ ಆ ಗುಡಿಸಲನ್ನು ಬಿಟ್ಟು ಬರೆಯುತ್ತವೆ. ಅದು ಅರ್ಧ ಸತ್ಯ, ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ಸೈಕಲ್ ತುಳಿಯುವವರು ಬೇರೆಯೇ ಇದ್ದಾರೆ ಅನ್ನುವುದನ್ನೂ ಹೊರಗಿನ ತಂಡಗಳು ಗಮನಿಸುವುದಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ಹಟ್ಟಿಯಿಂದ ಹೈಸ್ಕೂಲಿಗೆ ಹೋಗುವ ದಾರಿಗಳೆಲ್ಲ ಹುಡುಗಿಯರ ಸೈಕಲ್ ದಾರಿಗಳಾದವು. ಆಮೇಲೆ ಯೋಜನೆ ನಿಂತಿತು. ಯಾವ ಕೆರೆ ಏರಿಯ ಮೇಲೆ ಹೋಗಬಹುದು, ಯಾವ ಹಳ್ಳದ ಮರಳಿನಲ್ಲಿ ಚಕ್ರ ಹೂತುಕೊಳ್ಳುತ್ತದೆ ಅನ್ನುವುದು ಆ ಮಕ್ಕಳಿಗೆ ಗೊತ್ತಿರುವಷ್ಟು ಮೊಬೈಲ್ ನಕ್ಷೆಗೆ ಗೊತ್ತಿಲ್ಲ.

ನಕ್ಷೆ ತೋರಿಸುವ ಹಳೆಯ ದಾರಿಗಳಲ್ಲಿ ಕೆಲವು ಈಗ ಗೋಡೆಗೆ ಹೋಗಿ ನಿಲ್ಲುತ್ತವೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಐಐಎಸ್‌ಸಿ, ಇಸ್ರೊ, ಬಿಎಆರ್‌ಸಿ, ಡಿಆರ್‌ಡಿಒ ಮೊದಲಾದ ಸಂಸ್ಥೆಗಳಿಗೆ ಹೋಯಿತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಹೈದರ್, ಟಿಪ್ಪುವಿನ ಫಿರಂಗಿ ಎಳೆದ ಎತ್ತುಗಳ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ಕುರಿ ದನಗಳಿಗೂ ಅದೇ ಆಸರೆಯಾಗಿತ್ತು. ಈ ಸೀಮೆಯ ಕೋಟೆಗಳನ್ನು ನೋಡಲು ಬಂದವರು ಈ ಗೋಡೆಯನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಪಾಳೆಗಾರರ ಕೋಟೆ ದಂಡು ಬಂದಾಗ ಬಾಗಿಲು ಹಾಕಿ ಊರನ್ನು ಒಳಗೆ ಸೇರಿಸಿಕೊಳ್ಳುತ್ತಿತ್ತು. ಈ ಗೋಡೆ ಊರನ್ನು ಹೊರಗಿಟ್ಟಿದೆ.

ಫ್ರಾನ್ಸಿನ ಲ್ವಾರ್ ನದಿಯ ಉದ್ದಕ್ಕೆ ಅರಮನೆ, ಕೋಟೆಗಳ ನಡುವೆ ಸುಮಾರು 900 ಕಿಲೋಮೀಟರಿನ ಸೈಕಲ್ ದಾರಿಯಿದೆ. ಅದರಲ್ಲಿ ನಾವು ಕಲಿಯಬೇಕಾದದ್ದು ಡಾಂಬರನ್ನಲ್ಲ, ಫಲಕಗಳನ್ನು. ವಾಹನ ವಿರಳವಾದ ಸಣ್ಣ ರಸ್ತೆಗಳನ್ನೇ ಆಯ್ದು, ತಿರುವು ತಿರುವಿಗೆ ಗುರುತು ಹಾಕಿ, ಸವಾರರನ್ನು ಉಳಿಸಿಕೊಳ್ಳುವ ಮನೆಗಳಿಗೆ ಮಾನ್ಯತೆ ಕೊಟ್ಟಿದ್ದಾರೆ. ನಮ್ಮಲ್ಲಿ ಅಂಥ ಸಣ್ಣ ರಸ್ತೆಗಳು ಆಗಲೇ ಇವೆ: ಚಳ್ಳಕೆರೆಯಿಂದ ದೊಡ್ಡೇರಿಗೆ, ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ನಾಯಕನಹಟ್ಟಿಗೆ, ಕಾದಂಬರಿಕಾರ ತ.ರಾ.ಸು. ಮನೆತನದ ತಳಕಿಗೆ, ಮೊಳಕಾಲ್ಮುರು ಪಕ್ಕದ ನುಂಕೆಮಲೆಗೆ, ಅಶೋಕ ಸಿದ್ದಾಪುರಕ್ಕೆ. ಜನ ಬಂದುಹೋಗುವ ಕೋಟೆಯಲ್ಲಿ ನಿಧಿ ಅಗೆಯುವವರಿಗೂ ಧೈರ್ಯ ಕಡಿಮೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ನಿಧಿಗಳ್ಳರಿಂದ ಹಾಳಾದ ಗುಡಿ ಗೋಪುರಗಳನ್ನು ನೋಡಿದವರಿಗೆ ಇದು ಸಣ್ಣ ಲಾಭವಲ್ಲ.

ದಾರಿಯನ್ನು ರಾಯದುರ್ಗದವರೆಗೂ ಒಯ್ಯಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಹೋಯಿತು. ಕನ್ನಡದ ಮನೆಗಳು ಅಲ್ಲಿ ಇನ್ನೂ ಇವೆ, ಊರ ಮೇಲಿನ ಕೋಟೆಯ ಚರಿತ್ರೆ ಮೊಳಕಾಲ್ಮುರು, ಚಿತ್ರದುರ್ಗಗಳ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಎರಡೂ ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳು ಒಪ್ಪುವವರೆಗೆ ಕಾಯಬೇಕಾದ ಕೆಲಸವೂ ಅಲ್ಲ. ದಾರಿಯುದ್ದದ ಗ್ರಾಮ ಪಂಚಾಯಿತಿಗಳು ಒಂದೊಂದು ಕವಲಿಗೆ ಒಂದು ಕಲ್ಲು ನೆಟ್ಟು, ಮುಂದಿನ ಊರು, ಕೋಟೆ, ಕುಡಿಯುವ ನೀರು ಎಲ್ಲಿದೆ ಎಂದು ಕನ್ನಡ ತೆಲುಗು ಎರಡರಲ್ಲೂ ಬರೆಸಿದರೆ ಆಯಿತು. ಯಾವ ಕವಲಿಗೆ ಅನ್ನುವುದನ್ನು ಆ ದಾರಿಗಳಲ್ಲಿ ಹೈಸ್ಕೂಲಿಗೆ ಸೈಕಲ್ ತುಳಿದವರನ್ನು ಕೇಳಿಯೇ ತೀರ್ಮಾನಿಸಬೇಕು.