ಪಟ ಹೇಳದ ಮಾತು

ಪ್ರಖ್ಯಾತನಾದ ಕಲಾವಿದನೊಬ್ಬನು ರಾಷ್ಟ್ರನಾಯಕರ ಪಕ್ಕದಲ್ಲಿರುವ ಹಳೆಯ ಛಾಯಾಚಿತ್ರವನ್ನು ಕಂಡರೆ ನೋಡುವವರ ಮನಸ್ಸು ಹಿಗ್ಗುವುದು. ಇಬ್ಬರು ದೊಡ್ಡವರು ಒಂದೆಡೆ ಸೇರಿದ ಮೇಲೆ ಅಲ್ಲಿ ದೊಡ್ಡದೇನೋ ನಡೆದಿರಲೇಬೇಕೆಂಬ ಊಹೆ ಸಹಜವಾದುದೇ. ಆದರೆ ಪಟವು ಸಾಕ್ಷಿ ನುಡಿಯುವುದು ಅವರು ಕೂಡಿದ್ದರೆಂಬುದಕ್ಕೆ ಮಾತ್ರ. ಏತಕ್ಕೆ ಕೂಡಿದರು, ಏನು ಮಾತನಾಡಿದರು ಎಂಬುದಕ್ಕೆ ಅಲ್ಲ. ಲೋಕಪ್ರಸಿದ್ಧವಾದ ಎರಡು ಪಟಗಳನ್ನು ಜೊತೆಯಲ್ಲಿರಿಸಿ ನೋಡಿದರೆ ಈ ಭೇದವು ಸ್ಪಷ್ಟವಾಗುವುದು.

ಮೊದಲನೆಯದು 1931ನೆಯ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿ ತೆಗೆದುದು. ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಮಹಾತ್ಮ ಗಾಂಧಿಯವರನ್ನು ನಟ ಚಾರ್ಲಿ ಚಾಪ್ಲಿನ್ನನು ನಗರದ ಪೂರ್ವಭಾಗದ ಕ್ಯಾನಿಂಗ್ ಟೌನ್ ಎಂಬ ಬಡವರ ಕೇರಿಯಲ್ಲಿ, ಡಾಕ್ಟರ್ ಕಟಿಯಾಲರ ಮನೆಯಲ್ಲಿ ಕಂಡನು. ಒಬ್ಬರ ಮೈಮೇಲೆ ಖಾದಿ. ಇನ್ನೊಬ್ಬನದು ಐರೋಪ್ಯ ಉಡುಪು. ಬಳಿಯಲ್ಲಿ ಸರೋಜಿನಿ ನಾಯಿಡು. ಮುಖಗಳಲ್ಲಿ ನಗೆ.

ಚಾಪ್ಲಿನ್ನನು 1964ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಈ ಭೇಟಿಯನ್ನು ವಿವರಿಸಿದ್ದಾನೆ. ಸೋಫಾದ ಮೇಲೆ ಕುಳಿತೊಡನೆ ಪತ್ರಿಕೆಗಳವರ ದೀಪಗಳು ಮಿಂಚಿದುವು. ಏನು ಮಾತನಾಡುವುದೆಂಬ ಅಳುಕು ಅವನನ್ನು ಹಿಡಿದುದು ಆಮೇಲೆ. ಎಂದರೆ, ದೀಪಗಳು ಮಿಂಚಿದಾಗ ಮಾತು ಮೊದಲಾಗಿಯೇ ಇರಲಿಲ್ಲ. ಬಳಿಕ ಅವನು ಧೈರ್ಯಮಾಡಿ ಕೇಳಿದನು: ಭಾರತದ ಸ್ವಾತಂತ್ರ್ಯಾಕಾಂಕ್ಷೆಯು ತನಗೆ ಒಪ್ಪಿಗೆಯೇ, ಆದರೆ ಯಂತ್ರಗಳ ಮೇಲೆ ಈ ವಿರೋಧವೇಕೆ? ಯಂತ್ರವನ್ನು ಪರಹಿತಕ್ಕಾಗಿ ಬಳಸಿದರೆ ದುಡಿಯುವವನ ಹೊರೆ ಇಳಿದು ಅವನಿಗೆ ಬಿಡುವು ದೊರೆಯದೆ? ಗಾಂಧಿಯವರು ಅದನ್ನು ಅಲ್ಲಗಳೆಯಲಿಲ್ಲ. ಯಂತ್ರವೇ ಭಾರತವನ್ನು ಇಂಗ್ಲೆಂಡಿನ ಅಧೀನಕ್ಕೆ ತಂದಿತೆಂದೂ ಮೊದಲು ಆ ಅಧೀನತೆ ಹೋಗಬೇಕೆಂದೂ ಆದುದರಿಂದಲೇ ತನ್ನ ನೂಲನ್ನು ತಾನೇ ನೂತು ಬಟ್ಟೆ ನೇಯುವುದು ಭಾರತೀಯನ ಕರ್ತವ್ಯವೆಂದೂ ತಿಳಿಸಿದರು.

ಭೇಟಿಯ ತಿರುಳು ಈ ಭಿನ್ನಾಭಿಪ್ರಾಯವೇ. ಪಟದ ನಗೆಯಲ್ಲಿ ಅದರ ಸುಳಿವೂ ಇಲ್ಲ. ಯಂತ್ರದ ಪರವಾಗಿ ಮಾತನಾಡಿದ ಕಲಾವಿದನೇ 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಯಂತ್ರದ ಹಲ್ಲುಚಕ್ರಗಳ ನಡುವೆ ಸಿಕ್ಕಿಕೊಂಡ ಕೂಲಿಗಾರನನ್ನು ತೋರಿಸಿದನು. ಇದಕ್ಕೆ ಆ ಸಂಜೆಯ ಮಾತೊಂದೇ ಕಾರಣವೆಂದು ಸಾಧಿಸಲಾಗದು. ಆದರೆ ಅವನನ್ನು ಕಾಡುತ್ತಿದ್ದ ಪ್ರಶ್ನೆ ಯಾವುದೆಂಬುದು ಆ ಮಾತಿನಿಂದ ತಿಳಿಯುವುದು, ಪಟದಿಂದಲ್ಲ.

ಎರಡನೆಯದು ಅಮೆರಿಕೆಯದು. 1970ನೆಯ ಡಿಸೆಂಬರ್ 21ರಂದು ಗಾಯಕ ಎಲ್ವಿಸ್ ಪ್ರೀಸ್ಲಿಯು ಶ್ವೇತಭವನದಲ್ಲಿ ಅಧ್ಯಕ್ಷ ನಿಕ್ಸನ್ನನ ಕೈಕುಲುಕಿದನು. ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ ಅತಿ ಹೆಚ್ಚು ಮಂದಿ ಪ್ರತಿ ಬೇಡುವ ಚಿತ್ರಗಳಲ್ಲಿ ಇದೊಂದು. ಗಾಯಕನದು ಮಖಮಲ್ಲಿನ ಉಡುಪು, ಸೊಂಟದಲ್ಲಿ ಅಗಲವಾದ ಚಿನ್ನದ ಬಣ್ಣದ ಪಟ್ಟಿ. ಪತ್ರಾಗಾರವು ಪಟದೊಡನೆ ಅವನು ವಿಮಾನದಲ್ಲಿ ಬರೆದ ಪತ್ರವನ್ನೂ ಕಾಪಾಡಿರುವುದು ಮೆಚ್ಚತಕ್ಕ ವಿಷಯ. ಮಾದಕವಸ್ತುಗಳ ವಿರುದ್ಧ ದೇಶಕ್ಕೆ ನೆರವಾಗುವೆನೆಂದು ಅದರಲ್ಲಿ ಹೇಳಿ, ಸರಕಾರದ ಅಧಿಕಾರಿಯ ಪದವಿಯನ್ನು ಕೋರಿದ್ದನು. ಆ ಇಲಾಖೆಯ ಬಿಲ್ಲೆಯೂ ಅವನಿಗೆ ದೊರೆಯಿತು. ಭೇಟಿಯು 1972ರವರೆಗೆ ಗುಟ್ಟಾಗಿದ್ದಿತು. 1974ರಲ್ಲಿ ನಿಕ್ಸನ್ನನು ಅಧಿಕಾರವನ್ನು ತ್ಯಜಿಸಬೇಕಾಯಿತು. 1977ರಲ್ಲಿ ತೀರಿಕೊಂಡ ಗಾಯಕನು ಔಷಧಿಗಳ ವ್ಯಸನಕ್ಕೆ ತಾನೇ ಸಿಲುಕಿದ್ದನು. ಇಷ್ಟನ್ನು ತಿಳಿದು ಪಟವನ್ನು ಮತ್ತೆ ನೋಡಿದರೆ ವಿನೋದ ಹಿಂದೆ ಸರಿದು ಮರುಕ ಮುಂದೆ ಬರುವುದು.

ಹೊರನೋಟಕ್ಕೆ ಎರಡು ಪಟಗಳೂ ಒಂದೇ ಜಾತಿಯವು: ಕೀರ್ತಿಯು ಅಧಿಕಾರದ ಅಥವಾ ಮಹಿಮೆಯ ಮಗ್ಗುಲಲ್ಲಿ ನಿಂತಿದೆ. ಆದರೆ ಒಬ್ಬನು ಪ್ರಶ್ನೆಯನ್ನು ಹೊತ್ತು ಬಂದನು, ಇನ್ನೊಬ್ಬನು ಬೇಡಿಕೆಯನ್ನು. ಕಲಾವಿದನ ಗೌರವವು ಯಾರ ಪಕ್ಕದಲ್ಲಿ ನಿಂತನೆಂಬುದರಲ್ಲಿಲ್ಲ, ನಿಂತು ಏನನ್ನು ಕೇಳಿದನೆಂಬುದರಲ್ಲಿದೆ. ಇಂತಹ ಚಿತ್ರಗಳನ್ನು ‘ಅಪೂರ್ವ’ ಎಂಬ ಒಂದು ಮಾತಿನಿಂದ ಅಚ್ಚುಹಾಕುವ ಸಂಪಾದಕರು ಅದರ ಕೆಳಗೆ ಸ್ಥಳ, ದಿನಾಂಕಗಳನ್ನೂ ತಿಳಿದಷ್ಟು ಮಾತನ್ನೂ ಸೇರಿಸುವುದು ಉಚಿತ. ಇಲ್ಲವಾದರೆ ಓದುಗರಿಗೆ ಉಳಿಯುವುದು ಎರಡು ಮುಖಗಳು ಮಾತ್ರ.